ಕೂಸುಗಳ ಸಾಲು

ಇದನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಮಳೆಗಾಲ ಮುಗಿಯಲಿ ಎಂದೆ. ಮಳೆಗಾಲ ಮುಗಿದ ಮೇಲೆ ಗೋವಿನಜೋಳದ ರಾಶಿ ಆಗಲಿ ಎಂದೆ. ರಾಶಿಯಾಗುವ ಹೊತ್ತಿಗೆ ರಾಣೇಬೆನ್ನೂರಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದೆ. ಡಾಕ್ಟರು, ಹದಿನೈದು ದಿನ ಬಗ್ಗಿ ಓದುವುದು ಬರೆಯುವುದು ಬೇಡ ಎಂದರು. ನಾನು ಆ ಮಾತನ್ನು ಆರು ತಿಂಗಳು ಪಾಲಿಸಿದೆ. ಅಷ್ಟು ವಿಧೇಯನಾದ ರೋಗಿ ಅವರಿಗೆ ಇನ್ನೊಬ್ಬ ಸಿಕ್ಕಿರಲಿಕ್ಕಿಲ್ಲ.

ಮೊನ್ನೆ ಸೊಸೆ ನನ್ನ ಟ್ರಂಕಿನ ಹಿಂದೆ ಕಸ ಗುಡಿಸುತ್ತಿದ್ದಳು. ಒಂದು ಒಣ ಜೋಳದ ದಂಟಿನ ತುಂಡು ಸಿಕ್ಕಿತು. ಗೇಣಿಗಿಂತ ಸ್ವಲ್ಪ ಉದ್ದ, ಎರಡೂ ತುದಿ ನೀಟಾಗಿ ಕತ್ತರಿಸಿದ್ದು.

"ಮಾವಾರ, ಇದನ್ನ ಒಲಿಗೆ ಹಾಕ್ಲೇನ್ರಿ?"

"ಬ್ಯಾಡವ್ವಾ, ಇಲ್ಲಿ ಕೊಡು" ಎಂದು ಕೈ ಚಾಚಿದೆ.

ಅವಳು ಕೊಟ್ಟಳು. ಕೊಡುವಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ನೋಡಿದಳು. ದಂಟಿನ ತುಂಡನ್ನು ಬಚ್ಚಿಟ್ಟುಕೊಳ್ಳುವ ಮುದುಕನ ಬಗ್ಗೆ ಯಾರಿಗಾದರೂ ಅನುಮಾನ ಬರುವುದು ಸಹಜ. ಅದು ಒಬ್ಬರ ಪಾದದ ಅಳತೆ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮ ಮಂದಿಯಲ್ಲಿ ಸತ್ತವರನ್ನು ಹೂಳುತ್ತಾರೆ. ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕುಣಿ ತೆಗೆಯಲು ಟೇಪು ಹಿಡಿಯುವುದಿಲ್ಲ. ಸತ್ತವರ ಪಾದದಷ್ಟೇ ಉದ್ದಕ್ಕೆ ಒಂದು ದಂಟು ಕತ್ತರಿಸಿ, ಅದರಿಂದ ಒಂಬತ್ತು ಉದ್ದ, ಐದು ಅಗಲ ಅಳೆದು ನೆಲದ ಮೇಲೆ ಗೆರೆ ಹೊಡೆಯುತ್ತಾರೆ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಕಾಲಿಗೆ ಎಷ್ಟು ಬೇಕೋ ಅಷ್ಟೇ ನೆಲ ಹಿಡಿದು ಕೂರುತ್ತಾರೆ. ಕೆಲಸವಾದ ಮೇಲೆ ದಂಟನ್ನು ಕುಣಿಯೊಳಗೇ ಬಿಡಬೇಕು, ಮನೆಗೆ ತರಬಾರದು.

ನಮ್ಮೂರಿನಲ್ಲಿ ಐವತ್ತು ವರ್ಷ ಈ ದಂಟು ಹಿಡಿದವನು ನಾನು. ಹೊಲ ಸುಡುಗಾಡಿಗೆ ಹತ್ತಿಕೊಂಡೇ ಇತ್ತು. ಎಸ್ಸೆಸ್ಸೆಲ್ಸಿ ಪಾಸಾದವನು, ಲೆಕ್ಕ ತಪ್ಪುವುದಿಲ್ಲ ಎಂದು ಹಿರಿಯರು ನಂಬಿದ್ದರು. ನಾನು ಎರಡನೆಯ ಸಲಕ್ಕೆ ಪಾಸಾದವನು, ಮೊದಲ ಸಲ ಬಿದ್ದದ್ದೇ ಲೆಕ್ಕದಲ್ಲಿ ಎಂಬುದನ್ನು ಅವರು ಮರೆತಿದ್ದರು.

ಮೊದಲ ಅಳತೆಯಲ್ಲೇ ಫಜೀತಿಯಾಯಿತು. ಊರಿನ ದೊಡ್ಡ ಸಾಹುಕಾರರು ತೀರಿಕೊಂಡಿದ್ದರು. ನನಗೆ ಇಪ್ಪತ್ತರ ಆಸುಪಾಸು, ಹೆಣ ಮುಟ್ಟಲು ಅಂಜಿಕೆ. ಬಾಗಿಲಲ್ಲಿ ಬಿಟ್ಟಿದ್ದ ಒಳ್ಳೆಯ ಒಂದು ಜೋಡು ಚಪ್ಪಲಿ ನೋಡಿ, ಇವೇ ಸಾಹುಕಾರರವು ಎಂದುಕೊಂಡು, ಅವುಗಳ ಅಳತೆಗೆ ದಂಟು ಕತ್ತರಿಸಿಕೊಂಡು ಓಡಿದೆ. ಅವು ಬ್ಯಾಡಗಿಯಿಂದ ಬಂದಿದ್ದ ಬೀಗರ ಚಪ್ಪಲಿ. ಆ ಬೀಗರು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರದ ಆಳು. ಕುಣಿ ತೋಡುತ್ತಿದ್ದ ಫಕ್ಕೀರಪ್ಪ ಅರ್ಧಕ್ಕೆ ನಿಂತು ಬೆವರು ಒರೆಸಿಕೊಂಡ.

"ಏ ತಮ್ಮಾ, ಇದು ಸಾವ್ಕಾರ್ರ ಕಾಲೋ, ಆನಿ ಕಾಲೋ? ಕಡದೂ ಕಡದೂ ನನ್ನ ನಡಾ ಬಿತ್ತು."

"ಅಳತಿ ಸರಿ ಐತಿ, ಕಡಿ ನೀ" ಎಂದೆ ಗತ್ತಿನಿಂದ.

ಸಾಹುಕಾರರನ್ನು ಇಳಿಸಿದ ಮೇಲೆ ಸುತ್ತಲೂ ಉಳಿದ ಜಾಗ ನೋಡಿ ಫಕ್ಕೀರಪ್ಪ ನನ್ನ ಕಿವಿಯಲ್ಲಿ ಹೇಳಿದ: "ಹೋಗ್ಲಿ ಬಿಡು. ಒಳಗ ಬ್ಯಾಸರಾದ್ರ ನಾಕ ಹೆಜ್ಜಿ ಅಡ್ಡ್ಯಾಡ್ಯಾರು." ಅಳುವ ಮನೆಯವರ ನಡುವೆ ನಾನು ನಗು ತಡೆಯಲಾರದೆ ಟವೆಲ್ಲು ಬಾಯಿಗೆ ತುರುಕಿಕೊಂಡೆ. ಎಷ್ಟು ಅಳತಾನ ನೋಡು ಹುಡುಗ, ಎಂದು ಯಾರೋ ಬೆನ್ನು ಸವರಿದರು. ಮಾಡದ ಒಳ್ಳೆಯತನಕ್ಕೆ ಬೆನ್ನು ಸವರಿಸಿಕೊಳ್ಳುವುದು ಅಂದಿನಿಂದಲೇ ಶುರುವಾಯಿತೇನೋ.

ನಮ್ಮ ಸುಡುಗಾಡಿನಲ್ಲಿ ಯಾರನ್ನೂ ಸುಟ್ಟಿಲ್ಲ, ಆದರೂ ಬಾಯಿಮಾತಿನಲ್ಲಿ ಅದು ಸುಡುಗಾಡು, ಕಾಗದದಲ್ಲಿ ರುದ್ರಭೂಮಿ. ಹಲಗೇರಿ ಕಡೆ ಹೋಗುವ ಬಂಡಿದಾರಿಯ ಬದಿಗೆ, ಎರಡು ಬೇವಿನ ಮರ, ಸುತ್ತ ಜಾಲಿಕಂಟಿ. ಹೆಸರು ಕೆತ್ತಿಸಿದ ಗದ್ದಿಗೆಗಳು ಮೂರೋ ನಾಲ್ಕೋ. ಉಳಿದವರಿಗೆ ಒಂದು ಮಣ್ಣಿನ ದಿಬ್ಬ, ತಲೆಗೊಂದು ಕಲ್ಲು. ನಾಲ್ಕು ಮಳೆಗಾಲ ಕಳೆದರೆ ದಿಬ್ಬ ಇಳಿದು ನೆಲವಾಗುತ್ತದೆ. ಯಾರು ಎಲ್ಲಿದ್ದಾರೆ ಎಂಬುದು ನನ್ನ ತಲೆಯೊಳಗಷ್ಟೇ ಉಳಿಯುತ್ತಿತ್ತು. ಹೊಸ ಕುಣಿ ತೋಡುವಾಗ "ಶೇಖಪ್ಪನ್ನ ಕೇಳ್ರಿ" ಎನ್ನುವರು. ನಾನು ಹೋಗಿ, ಇಲ್ಲಿ ಕುಂಬಾರ ಓಣಿಯ ಮುದುಕಿ ಇದ್ದಾಳೆ, ಎರಡು ಹೆಜ್ಜೆ ಸರಿಯಿರಿ, ಎನ್ನುತ್ತಿದ್ದೆ. ಹೆಮ್ಮೆ ಇತ್ತು. ಈಗ ನನ್ನ ವಾರಿಗೆಯವರೆಲ್ಲ ಅಲ್ಲೇ ಇದ್ದಾರೆ. ಸಂಜೆ ಕಟ್ಟೆಯ ಮೇಲೆ ಕೂತರೆ ಬದುಕಿರುವವರ ಹೆಸರು ಮರೆತು ಸತ್ತವರ ಸಾಲು ನೆನಪಾಗುತ್ತದೆ. ಮಾತಾಡಲು ಅನ್ನಿಸಿದಾಗ ಯಾರ ಜೊತೆ ಎಂದು ಹುಡುಕಿದರೆ, ಬೇವಿನ ಮರದಿಂದ ಆಚೆ ಎಂಟನೆಯವನು, ಗದ್ದಿಗೆಯ ಹಿಂದೆ ಮೂರನೆಯವನು.

ಸುಡುಗಾಡಿನ ಮೂಡಲಂಚಿಗೆ, ನಮ್ಮ ಹೊಲದ ಬದುವಿಗೆ ತಾಗಿ, ಕೂಸುಗಳ ಸಾಲು ಇತ್ತು. ಕೂಸಿಗೆ ದಂಟಿನ ಅಳತೆ ಇಲ್ಲ. ಪಾದವನ್ನು ಒಂಬತ್ತು ಪಟ್ಟು ಮಾಡಿದರೂ ಒಂದು ಬುಟ್ಟಿಯಷ್ಟು ಜಾಗವಾಗುತ್ತದೆ, ಅದಕ್ಕೆ ಮೊಳದಿಂದ ಅಳೆಯುತ್ತಾರೆ. ಕೂಸಿಗೆ ಭಜನೆ ಇಲ್ಲ, ಮೆರವಣಿಗೆ ಇಲ್ಲ. ಇಬ್ಬರು ಗಂಡಸರು ಒಂದು ಬಟ್ಟೆಯಲ್ಲಿ ಸುತ್ತಿ ತಂದು, ಮೇಲೆ ಮಣ್ಣೆಳೆದು, ನಾಯಿ ಬರದ ಹಾಗೆ ಮುಳ್ಳು ಹೇರಿ, ಮೂರು ಕಲ್ಲಿಟ್ಟು, ಒಂದು ಕಳ್ಳಿ ನೆಟ್ಟು ಹೋಗುತ್ತಾರೆ.

ನನ್ನ ಅಣ್ಣನ ಮೊದಲ ಮಗು ಶಾಂತಾ ಅಲ್ಲಿತ್ತು. ಹನ್ನೊಂದು ತಿಂಗಳಿಗೆ ಜ್ವರ ಬಂದು ಹೋಯಿತು. ಹೊತ್ತವನು ಅಣ್ಣ, ಗುದ್ದು ತೋಡಿದವನು ನಾನು.

ಅಣ್ಣನ ಹೆಂಡತಿ, ನನ್ನ ವೈನಿ, ಐರಣಿಯವರು. ನಾನು ರಾಣೇಬೆನ್ನೂರಿನ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ವರ್ಷ ನಮ್ಮ ಮನೆಗೆ ಬಂದರು. ನಸುಕಿನಲ್ಲೆದ್ದು ನನಗೆ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದರು. ಲೆಕ್ಕದಲ್ಲಿ ಬಿದ್ದ ದಿನ ಅಪ್ಪ ಬಾರಕೋಲು ತೆಗೆದುಕೊಂಡಾಗ ಅಡ್ಡ ಬಂದವರು ಅವರೇ. "ಮಾವಾರ, ಪರೀಕ್ಷಿ ದಿನ ಹುಡುಗಗ ಮೈ ಸುಡತಿತ್ರಿ, ನಾನ ಕಳಸಿದ್ದೆ" ಎಂದರು. ನನ್ನ ಮೈ ಸುಟ್ಟಿರಲಿಲ್ಲ. ಹಿಂದಿನ ದಿನ ತುಂಗಭದ್ರೆಯಲ್ಲಿ ಈಜಲು ಹೋಗಿದ್ದೆ. ಅದು ಅವರಿಗೆ ಗೊತ್ತಿತ್ತು.

ಶಾಂತಾ ಹೋದ ಕೆಲವು ವರ್ಷಕ್ಕೆ ಅಣ್ಣ ತಮ್ಮಂದಿರು ಪಾಲಾದೆವು. ಹಳ್ಳದ ಕಡೆಯ ಹೊಲ ಅಣ್ಣನಿಗೆ, ಸುಡುಗಾಡಿನ ಮಗ್ಗುಲಿನದು ನನಗೆ. ಇನ್ನು ಮುಂದಿನದನ್ನು ಒಕ್ಕಲುತನ ಮಾಡಿದವರು ಹೇಳದೆಯೂ ಊಹಿಸುತ್ತಾರೆ. ಪ್ರತಿ ವರ್ಷ ಹರಗುವಾಗ ಬದುವಿನ ಮೇಲೆ ಒಂದು ಸಾಲು ಹೆಚ್ಚು. ಒಂದೇ ಸಾಲು. ಎತ್ತಿಗೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮತ್ತೊಂದು. ಮಗ್ಗುಲ ಹೊಲದವನಾದರೆ ಜಗಳಕ್ಕೆ ಬರುತ್ತಾನೆ. ನನ್ನ ಮಗ್ಗುಲಿನವರು ಜಗಳಕ್ಕೆ ಬರುವವರಲ್ಲ. ದೊಡ್ಡವರ ದಿಬ್ಬಕ್ಕಾದರೆ ಮನೆಯವರು ಕೇಳುತ್ತಾರೆ, ಕೂಸುಗಳನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ಹೀಗೆಯೇ ಅಂದುಕೊಂಡೆ, ಇದೇ ಮಾತುಗಳಲ್ಲಿ. ಒಂದು ಬೇಸಿಗೆಯ ಮಧ್ಯಾಹ್ನ ಯಾರೂ ಇಲ್ಲದಾಗ ಗಡಿಯ ಬಾಂದು ಕಲ್ಲನ್ನೂ ಹಾರೆ ಹಾಕಿ ಎಬ್ಬಿಸಿ, ಹೊಸ ಬದುವಿನ ಮೇಲೆ ನೆಟ್ಟೆ. ಕೂಸುಗಳ ಸಾಲು ಪೂರ್ತಿ ನನ್ನ ಹೊಲದೊಳಗೆ ಬಂತು. ಆ ವರ್ಷ ಅಲ್ಲಿ ಜೋಳ ಎದೆಯೆತ್ತರ ಬಂದಿತ್ತು.

ಶೀಗಿ ಹುಣ್ಣಿಮೆಗೆ ಪಾಲಾದ ಮನೆಯವರೂ ಒಂದೇ ಹೊಲದಲ್ಲಿ ಸೇರಿ ಉಣ್ಣುವುದು ನಮ್ಮಲ್ಲಿ ರೂಢಿ. ಪೈರಿಗೆ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಹೊಲದ ತುಂಬ ಚರಗ ಚೆಲ್ಲಿ, ಎಲ್ಲರೂ ಊಟಕ್ಕೆ ಕೂತಾಗ ವೈನಿ ಮಾತ್ರ ಸೆರಗಿನಲ್ಲಿ ಒಂದು ಕಡಬು, ಒಂದು ತಂಬಿಗೆ ಹಾಲು ಹಿಡಿದು ಬದು ದಾಟಿ ಹೋಗುತ್ತಿದ್ದರು. ಶಾಂತಾನ ಹತ್ತಿರ. ಆ ವರ್ಷವೂ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಎದ್ದು ಹೋದೆ. ಜೋಳದ ಅಂಚಿನಲ್ಲಿ ನಿಂತು ಅತ್ತಿತ್ತ ನೋಡುತ್ತಿದ್ದರು.

"ಶೇಖಪ್ಪಾ, ಇಲ್ಲೇ ಇತ್ತಲ್ಲೋ. ಕಳ್ಳಿ ಇತ್ತು, ಮೂರ ಕಲ್ಲಿದ್ದುವು. ಎಲ್ಲಿ ಹೋತು?"

ಆಗ ಹೇಳಬಹುದಿತ್ತು. ಬಾಯಿ ತೆರೆದೆ, ಬೇರೆಯೇ ಮಾತು ಬಂತು.

"ವೈನಿ, ನೀವು ದಿಕ್ಕ ತಪ್ಪೀರಿ. ಮಳಿಗೆ ಕಳ್ಳಿ ಕೊಳತು ಹೋಗೇತಿ. ಅಲ್ಲೈತಿ ನೋಡ್ರಿ ಕಲ್ಲು."

ನಾನು ತೋರಿಸಿದ್ದು ಬಾಂದು ಕಲ್ಲನ್ನು. ಅವರು ಅದರ ಮುಂದೆ ಕೂತರು. ಸುತ್ತಲಿನ ಹುಲ್ಲು ಕಿತ್ತರು. ಸೆರಗಿನಿಂದ ಕಲ್ಲಿನ ತಲೆ ಒರೆಸಿದರು, ಕೂಸಿನ ತಲೆ ಒರೆಸಿದ ಹಾಗೆ. ಹಾಲು ಹಾಕಿ ಕಡಬು ಮುರಿದಿಟ್ಟರು. ಏಳುವಾಗ ಹೇಳಿದರು:

"ನಿಮ್ಮಣ್ಣಗ ಸೈತ ನೆನಪಿಲ್ಲ. ನೀ ಒಬ್ಬಾಂವ ನೆನಪಿಟ್ಟಿ ನೋಡಪ್ಪಾ."

ಮರುವರ್ಷ ನಾನು ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯುವಾಗ ವೈನಿ ನನ್ನನ್ನು ಮನೆಯ ಹಿಂದೆ ಕರೆದರು. "ಬಳಿ ತಗೊಂಡು ಬಾರಪ್ಪಾ, ಸಣ್ಣವು. ಹತ್ತು ವರ್ಷದ ಕೈಗೆ ಆಗುವಂಥವು" ಎಂದರು. ಶಾಂತಾ ಇದ್ದಿದ್ದರೆ ಅವಳಿಗೆ ಹತ್ತು. ನಾನು ತಂದೆ. ಹುಣ್ಣಿಮೆಗೆ ಅವನ್ನು ಕಲ್ಲಿನ ತಲೆಗೆ ದಾರದಿಂದ ಕಟ್ಟಿದರು. ಮುಂದಿನ ವರ್ಷ ಹನ್ನೊಂದರ ಅಳತೆ. ಹೀಗೆ ವರ್ಷ ವರ್ಷ. ಬ್ಯಾಡಗಿಯ ಬಳೆಗಾರನಿಗೆ ನನ್ನ ಗುರುತಾಯಿತು.

"ಮಗಳು ದೊಡ್ಡಾಕಿ ಆಗಾಕತ್ಯಾಳಲ್ರಿ. ಒಮ್ಮಿ ಕರಕೊಂಡು ಬರ್ರಿ, ಕೈ ನೋಡಿ ಹಾಕತೇನಿ" ಎಂದ ಒಂದು ಸಲ.

"ಸಾಲಿ ಐತಿ" ಎಂದೆ. ಅಂಥ ಉತ್ತರಗಳು ನನಗೆ ಸರಾಗವಾಗಿ ಬರುತ್ತಿದ್ದವು.

ಇಪ್ಪತ್ತನೆಯ ವರ್ಷಕ್ಕೆ ವೈನಿ ಹಸಿರು ಬಳೆ ತರಿಸಿದರು, ಮದುವಣಗಿತ್ತಿಗೆ ಇಡಿಸುವಂಥವು. ಅದರ ಮುಂದಿನ ವರ್ಷದಿಂದ ಹುಣ್ಣಿಮೆಗೆ ಹೋಗುವುದನ್ನು ಬಿಟ್ಟರು. ಪಂಚಮಿಗೆ ಹೋಗತೊಡಗಿದರು, ಶೇಂಗಾ ಉಂಡಿ, ಎಳ್ಳುಂಡಿ ತೆಗೆದುಕೊಂಡು. ಗಂಡನ ಮನೆಗೆ ಹೋದ ಮಗಳು ತವರಿಗೆ ಬರುವುದು ಪಂಚಮಿಗಲ್ಲವೇ! ನಾನು ಆ ಹೊತ್ತಿಗೆ ಹೊಲದಲ್ಲಿದ್ದರೆ ನನಗೂ ಎರಡು ಉಂಡಿ ಕೊಡುತ್ತಿದ್ದರು. "ನಿಮ್ಮ ಅಣ್ಣನ ಮಗಳು ತಂದಾಳ, ತಿನ್ನು" ಎಂದು ನಗುತ್ತಿದ್ದರು. ನಾನು ತಿನ್ನುತ್ತಿದ್ದೆ. ರುಚಿಯಾಗಿರುತ್ತಿದ್ದವು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಇರುತ್ತಿದ್ದವು.

ಇನ್ನೊಂದು ಸಂಗತಿ ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಪೂಜೆ ಕಂಡ ಕಲ್ಲನ್ನು ಯಾರೂ ಅಲುಗಿಸುವುದಿಲ್ಲ. ವೈನಿ ಸುಣ್ಣ ಹಚ್ಚಿ ವಿಭೂತಿ ಬಳಿದ ಮೇಲೆ ಆ ಕಲ್ಲು ಸರಿದದ್ದು ಊರಲ್ಲಿ ಯಾರಿಗೂ ಕಾಣಲಿಲ್ಲ. ನನ್ನ ಕಳವನ್ನು ಅವರು ಹಾಲೆರೆದು ಕಾದರು.

ಅಣ್ಣ ತೀರಿಕೊಂಡ. ನನ್ನ ಹೆಂಡತಿ ತೀರಿಕೊಂಡಳು. ನಾಲ್ಕು ವರ್ಷದ ಕೆಳಗೆ ವೈನಿ ತೀರಿಕೊಂಡರು. ಅವರ ಮಗ ಬಸಣ್ಣ, ಶಾಂತಾನ ನಂತರ ಹುಟ್ಟಿದವನು, ನನ್ನ ಹತ್ತಿರ ಬಂದು ನಿಂತ.

"ಕಾಕಾ, ಅವ್ವ ಹೇಳಿ ಹೋಗ್ಯಾಳ. ಅಕ್ಕನ ಬಾಜೂಕ ಇಡ್ರಿ ಅಂದಾಳ. ಜಾಗಾ ನೀನ ತೋರಸಬೇಕು."

ದಂಟು ಹಿಡಿದು ವೈನಿಯ ಕಾಲ ಬಳಿ ಕೂತೆ. ಪ್ರತಿ ದೀಪಾವಳಿಗೆ ನಾನು ನಮಸ್ಕಾರ ಮಾಡುತ್ತಿದ್ದ ಪಾದ. ಹಿಮ್ಮಡಿಯ ಸೀಳುಗಳಲ್ಲಿ ಎರೆಮಣ್ಣು ಹಾಗೇ ಕೂತಿತ್ತು, ಸ್ನಾನ ಮಾಡಿಸಿದ ಮೇಲೂ. ಸಣ್ಣ ಪಾದ. ಕತ್ತರಿಸಿದೆ. ಮನೆಯಿಂದ ಸುಡುಗಾಡಿಗೆ ಮುಕ್ಕಾಲು ಮೈಲಿ. ಅಷ್ಟು ದೂರವೂ, ಬಸಣ್ಣನನ್ನು ಬದಿಗೆ ಕರೆದು ಹೇಳಿಬಿಡಬೇಕು ಎಂದುಕೊಳ್ಳುತ್ತ ನಡೆದೆ. ಹೇಳಿದ್ದರೆ ಏನಾಗುತ್ತಿತ್ತು? ಜೋಳದೊಳಗೆ ಕುಣಿ ತೋಡುತ್ತಿದ್ದರು, ತಾಯಿ ಮಗಳ ಹತ್ತಿರ ಕೂರುತ್ತಿದ್ದಳು. ನನ್ನ ಒಂದು ಪಟ್ಟಿ ಹೊಲ ಮತ್ತು ನನ್ನ ಮುಖ ಹೋಗುತ್ತಿತ್ತು. ನಾನು ಬಾಂದು ಕಲ್ಲಿನ ಪಕ್ಕಕ್ಕೆ ಹೋಗಿ ಒಂಬತ್ತು ಉದ್ದ, ಐದು ಅಗಲ ಗೆರೆ ಹೊಡೆದೆ. ದಂಟನ್ನು ಕುಣಿಯೊಳಗೆ ಹಾಕಲು ಕೈ ಬರಲಿಲ್ಲ. ಆ ಸುಳ್ಳು ಅಳತೆ ಅವರ ಜೊತೆ ಹೋಗುವುದು ಬೇಡ ಅನ್ನಿಸಿತೋ ಏನೋ, ಅಂಗಿಯೊಳಗೆ ತುರುಕಿಕೊಂಡು ಮನೆಗೆ ತಂದೆ.

ಹೋದ ಮಳೆಗಾಲದಲ್ಲಿ ಪಂಚಾಯತಿಯವರು ಸುಡುಗಾಡು ಅಳೆಸಿ ಬೇಲಿ ಹಾಕಿಸುವುದೆಂದು ಠರಾವು ಮಾಡಿದರು. ಇದ್ದ ಜಾಗ ಕರಗುತ್ತಿದೆ, ಮುಂದಿನವರಿಗೆ ಉಳಿಯಬೇಕು ಎಂದು ಹಠ ಹಿಡಿದವಳು ಸದಸ್ಯೆ ಗಂಗವ್ವ, ಮೂವತ್ತರ ಹೆಣ್ಣುಮಗಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಯಾರು ಎಲ್ಲಿದ್ದಾರೆ ಎಂದು ಒಂದು ರಜಿಸ್ಟರು ಮಾಡುವುದೂ ಅವಳದೇ ಯೋಚನೆ. "ಅಜ್ಜಾರ, ನೀವು ಹ್ವಾದ ಮ್ಯಾಲೆ ನಾವು ಯಾರನ್ನ ಕೇಳೂಣ್ರಿ?" ಎಂದು ನೇರವಾಗಿ ಕೇಳಿದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಸರ್ವೇಯವನು ಮೂರು ಕಾಲಿನ ಯಂತ್ರ ನಿಲ್ಲಿಸಿ ನೋಡಿದ. ಬಾಂದು ಕಲ್ಲು ಇರುವಲ್ಲಿ ಇರಬಾರದು, ಮೂಡಲಿಗೆ ಹತ್ತು ಅಡಿ ಆಚೆ, ನನ್ನ ಗೋವಿನಜೋಳದೊಳಗೆ ಇರಬೇಕು ಎಂದ. ಕಲ್ಲು ಕೀಳಲು ಬಂದ ಆಳು ಬಳೆ, ವಿಭೂತಿ ನೋಡಿ ಹಿಂದೆ ಸರಿದ. "ದೇವರ ಕಲ್ಲು ಇದ್ದಂಗೈತ್ರಿ, ನಾ ಮುಟ್ಟಂಗಿಲ್ಲ." ಅಷ್ಟರಲ್ಲಿ ಬಸಣ್ಣ ಓಡಿ ಬಂದ.

"ಯಾರೂ ಮುಟ್ಟಬ್ಯಾಡ್ರಿ! ಅದು ನಮ್ಮಕ್ಕನ ಕಲ್ಲು."

ಸರ್ವೇಯವನು ಕೀಲಿಯಿಂದ ಕಲ್ಲಿನ ತಲೆಯ ಮೇಲಿನ ಸುಣ್ಣ ಕೆರೆದ. ಕೆಳಗೆ ಉಳಿಯಿಂದ ಕೊರೆದ ಅಡ್ಡ ಗೆರೆ, ಉದ್ದ ಗೆರೆ ಕಂಡವು. "ಬಾಂದು ಕಲ್ಲ್ರಿ ಇದು" ಎಂದ.

ಗಂಗವ್ವ ನಡುವೆ ಬಂದಳು. "ಇಷ್ಟ ವರ್ಷ ಪೂಜಿ ಆಗೇತಿ. ಅಜ್ಜಾರು ಕೂಸಿನ ಕಲ್ಲ ಹೌದು ಅಂದ್ರ ಇಲ್ಲೇ ಇರ್ಲಿ, ಬೇಲಿ ಇದರ ಮಗ್ಗಲಕ್ಕ ಹಾಕೋಣ. ಹೇಳ್ರಿ ಅಜ್ಜಾರ."

ಎಲ್ಲರೂ ನನ್ನತ್ತ ತಿರುಗಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹೊಲ ಉಳಿಯುತ್ತಿತ್ತು, ವೈನಿಯ ಕಲ್ಲು ಉಳಿಯುತ್ತಿತ್ತು, ಬಸಣ್ಣನ ಸಮಾಧಾನವೂ ಉಳಿಯುತ್ತಿತ್ತು.

"ಅಲ್ಲ" ಎಂದೆ. "ನಾನ ಹಾರೀಲೆ ಎಬ್ಬಿಸಿ ಇಲ್ಲಿ ನೆಟ್ಟೇನಿ. ಕೂಸುಗಳೆಲ್ಲ ನನ್ನ ಹೊಲದಾಗ ಅದಾವ."

ಬಸಣ್ಣ ಒಮ್ಮೆ ಕಲ್ಲನ್ನು, ಒಮ್ಮೆ ಪಕ್ಕದ ತಾಯಿಯ ದಿಬ್ಬವನ್ನು ನೋಡಿದ. ಆಮೇಲೆ ಕೇಳಿದ:

"ಅವ್ವಗ ಗೊತ್ತಿತ್ತೇನು?"

"ಇಲ್ಲಪಾ. ಅವರಿಗೆ ಸುಳ್ಳ ಹೇಳಿದೆ. ನನ್ನ ತಪ್ಪು."

"ಹಂಗಾರ ಅಕ್ಕ ಎಲ್ಲಿ ಅದಾಳ? ಜಾಗಾ ತೋರಸು."

ಗೋವಿನಜೋಳದೊಳಗೆ ನಡೆದೆ. ಅವನು ಹಿಂದೆ ಬಂದ. ಒಂದು ಕಡೆ ನಿಂತೆ, ಇಲ್ಲಿರಬಹುದು ಅನ್ನಿಸಿತು. ಹತ್ತು ಹೆಜ್ಜೆ ಮುಂದೆ ಹೋದೆ, ಅಲ್ಲಿಯೂ ಹಾಗೇ ಅನ್ನಿಸಿತು. ಅತ್ತಲಿಂದಿತ್ತ ನಾಲ್ಕು ಸಲ ತಿರುಗಿದೆ. ಊರಿನ ಸತ್ತವರೆಲ್ಲರ ಜಾಗ ಬಲ್ಲ ನನಗೆ, ನನ್ನ ಕೈಯಾರೆ ತೋಡಿದ ಆ ಒಂದು ಮೊಳದ ಗುದ್ದು ಸಿಗಲಿಲ್ಲ. ನಲವತ್ತು ವರ್ಷ ಅದರ ಮೇಲೆ ಉತ್ತಿದ್ದೆ.

"ಈ ಸಾಲಿನ್ಯಾಗ ಎಲ್ಲೋ, ಬಸಣ್ಣಾ."

"ಎಲ್ಲೋ ಅಂದ್ರ ಏನ್ ಕಾಕಾ?"

ಅವನು ಹೋದ. ಬೈಯಲಿಲ್ಲ. ಮೊದಲು ದಿನಾ ನನ್ನ ಕಟ್ಟೆಗೆ ಬಂದು ಕೂತು ಚಹಾ ಕುಡಿಯುತ್ತಿದ್ದವನು ಈಗ ಗಾಡಿಯ ಮೇಲಿಂದಲೇ "ಆರಾಮೇನ್ ಕಾಕಾ" ಎನ್ನುತ್ತಾನೆ. ಗಾಡಿ ನಿಲ್ಲುವುದಿಲ್ಲ.

ಬೇಲಿ ಬಂತು. ಕೂಸುಗಳ ಸಾಲು ಸುಡುಗಾಡಿಗೆ ಮರಳಿತು. ಆಮೇಲೆ ಆದದ್ದನ್ನು ಕೇಳಿದರೆ ನೀವು ನಗುತ್ತೀರಿ. ಪಂಚಾಯತಿಯವರು ನನ್ನನ್ನು ಕರೆದು ಶಾಲು ಹೊದಿಸಿದರು. "ಬದಾ ಒತ್ತಿದವ್ರು ಊರಾಗ ಯಾರಿಲ್ಲ ಹೇಳ್ರಿ?" ಎಂದಳು ಗಂಗವ್ವ ಮೈಕಿನಲ್ಲಿ. "ಬಾಯಿಬಿಟ್ಟು ಒಪ್ಪಿಕೊಂಡು ಬಿಟ್ಟುಕೊಟ್ಟವ್ರು ನಮ್ಮ ಶೇಖಪ್ಪಜ್ಜಾರೊಬ್ರ!" ಚಪ್ಪಾಳೆಯಾಯಿತು. ಮೈಕು ನನ್ನ ಕೈಗೆ ಬಂತು. ಹೊಲದ ಮಾತಲ್ಲ, ವೈನಿಯ ಮಾತು ಹೇಳಬೇಕೆಂದು ಎದ್ದೆ. "ಎಲ್ಲರಿಗೂ ನಮಸ್ಕಾರ" ಎಂದು ಕೂತೆ. ಬಸಣ್ಣ ಬಂದಿರಲಿಲ್ಲ.

ಅಕ್ಷರ ದುಂಡಗಿದೆ ಎಂದು ರಜಿಸ್ಟರು ಬರೆಯುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ಸಾಲು, ಹೆಸರು, ಕೊನೆಗೊಂದು ಷರಾ ಎಂಬ ಕಾಲಮ್ಮು. ಗಂಗವ್ವ ಮನೆಮನೆಗೆ ಹೋಗಿ ಬರೆದುಕೊಂಡು ಬಂದ ಪಟ್ಟಿಯಲ್ಲಿ ಗಂಡಸರಿಗೆ ಹೆಸರಿದೆ. ಹೆಂಗಸರು ಬಹಳ ಮಂದಿ ಇಂಥವನ ಹೆಂಡತಿ, ಇಂಥವನ ತಾಯಿ. ಮೂಡಲಂಚಿನ ಸಾಲಿಗೆ ಬಂದೆ. "ಬಸಣ್ಣನ ತಾಯಿ" ಎಂದಿತ್ತು. ಪೆನ್ನು ನಿಂತಿತು. ಅಣ್ಣನ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಅರವತ್ತು ವರ್ಷದಲ್ಲಿ ಆ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಬಸಣ್ಣನ ತಾಯಿ ಎಂಬುದನ್ನು ಹೊಡೆದು ಹಾಕಿ, ಮೇಲೆ ಅವರ ಹೆಸರು ಬರೆದೆ. ಷರಾ ಕಾಲಮ್ಮಿನಲ್ಲಿ ಎರಡು ಬೆರಳಿನಷ್ಟು ಜಾಗವಿತ್ತು. ಅಲ್ಲಿ ಹಿಡಿಯದ್ದನ್ನು ಇಲ್ಲಿ ಬರೆದಿದ್ದೇನೆ.

ತಪ್ಪಾಯಿತು ಎಂಬ ಮಾತನ್ನು ಸರ್ವೇಯವನು ಕೇಳಿಸಿಕೊಂಡ, ಕಲ್ಲು ಕೀಳಲು ಬಂದ ಆಳು ಕೇಳಿಸಿಕೊಂಡ, ಬಸಣ್ಣ ಕೇಳಿಸಿಕೊಂಡ. ಕೇಳಬೇಕಾಗಿದ್ದವರು ನಲವತ್ತು ವರ್ಷ ನನ್ನ ಹೊಲದ ಬದುವಿನ ಮೇಲೆ ಕೂತಿದ್ದಾಗ ನಾನು ಉಂಡಿ ತಿನ್ನುತ್ತಿದ್ದೆ. ಅವರ ಹೆಸರು ಗಿರಿಜವ್ವ.